ಖಜಾನೆ ಹುಂಡಿ ಏರಿದರೆ ಹೋಳಿಗೆ

ಸರಕಾರ ಸಾಲ ಎತ್ತುವ ಬಡ್ಡಿ ಏರಿತೆಂದು ಕುಣಿದಾಡಿದ ಜನರನ್ನು ನೀವು ನೋಡಿರಲಿಕ್ಕಿಲ್ಲ. ನಾನು ನೋಡಿದ್ದೇನೆ, ಅವರ ಜೊತೆ ಕುಣಿದೂ ಇದ್ದೇನೆ. ಅದು ಪುಣೆಯ ಶುಕ್ರವಾರ ಪೇಟೆಯ ಒಂದು ವಾಡೆಯ ಹಿಂಭಾಗದಲ್ಲಿ, ಹೊಗೆ ಹಿಡಿದ ಗೋಡೆಗಳ ಒಂದು ಕನ್ನಡ ಖಾನಾವಳಿಯಲ್ಲಿ. ನಮ್ಮಲ್ಲಿ ಅರ್ಧ ಮಂದಿ ಖಾದಿ ಉಡುತ್ತಿದ್ದರು. ಈ ಬ್ರಿಟಿಷ್ ಸರಕಾರ ಯಾವಾಗ ತೊಲಗೀತು ಎಂದು ಬೆಳಿಗ್ಗೆ ಬೈದವರೇ ಮಧ್ಯಾಹ್ನ ಅದೇ ಸರಕಾರದ ಹುಂಡಿಯ ದರ ಏರಲಪ್ಪ ಎಂದು ದೇವರಿಗೆ ಕೈ ಮುಗಿಯುತ್ತಿದ್ದರು. ಅದಕ್ಕೆ ಕಾರಣ ಹೋಳಿಗೆ.

ನಾನಾಗ ಒಂದು ಬ್ಯಾಂಕಿನಲ್ಲಿ ಕಾರಕೂನ. ಬಾಗಲಕೋಟೆಯ ಕಡೆಯಿಂದ ಬಂದವನು, ಮರಾಠಿ ಮಾತಾಡಿದರೆ ಚಪರಾಸಿಗೂ ನಗು ಬರುತ್ತಿತ್ತು. ಸರಕಾರಕ್ಕೆ ಕೈಗಡ ಬೇಕಾದಾಗ ಅದು ಮೂರು ತಿಂಗಳ ಹುಂಡಿ ಬರೆದುಕೊಡುತ್ತದೆ. ಅದೇ ಖಜಾನೆ ಹುಂಡಿ. ವಾರಕ್ಕೊಮ್ಮೆ ದೊಡ್ಡ ಬ್ಯಾಂಕುಗಳು ತಾವು ಇಷ್ಟು ಬಡ್ಡಿಗೆ ರೊಕ್ಕ ಕೊಡುತ್ತೇವೆಂದು ಲಕೋಟೆ ಮುಚ್ಚಿ ಹಾಕುತ್ತವೆ. ಕಡಿಮೆ ಬಡ್ಡಿ ಕೇಳಿದವರ ರೊಕ್ಕವನ್ನು ಸರಕಾರ ತೆಗೆದುಕೊಳ್ಳುತ್ತದೆ. ಆ ವಾರ ಯಾವ ದರಕ್ಕೆ ಗಂಟು ಬಿತ್ತು ಎಂಬುದು ಮುಂಬಯಿಯಿಂದ ನಮ್ಮ ಬ್ಯಾಂಕಿಗೆ ತಾರಿನಲ್ಲಿ, ಎಂದರೆ ತಂತಿಯಲ್ಲಿ, ಬರುತ್ತಿತ್ತು. ಮರುದಿನ ಇಂಗ್ಲಿಷ್ ಪತ್ರಿಕೆಯ ಒಂದು ಮೂಲೆಯಲ್ಲೂ ಬರುತ್ತಿತ್ತು, ಆದರೆ ಅದನ್ನು ಓದುವವರು ಯಾರು? ನನ್ನ ಬಾಯಿಂದ ಕೇಳುವುದೇ ಖಾನಾವಳಿಯವರಿಗೆ ರೂಢಿ.

ಖಾನಾವಳಿ ನಡೆಸುತ್ತಿದ್ದವರನ್ನು ನಾವೆಲ್ಲ ಕಾಕು, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ವಿಜಾಪುರದ ಕಡೆಯವರು, ವಿಧವೆ, ಎತ್ತರದ ಆಳು, ಎತ್ತರದ ದನಿ. ಊಟಕ್ಕೆ ಕುಳಿತವನು ಅರ್ಧ ರೊಟ್ಟಿ ಬಿಟ್ಟರೆ, ಅವನ ತಾಯಿಗೆ ಹೇಳಿ ಕಳಿಸುವೆನೆಂದು ಹೆದರಿಸುತ್ತಿದ್ದರು. ಅವರಲ್ಲಿ ಎರಡು ನಮೂನೆಯ ಗಿರಾಕಿಗಳು. ನಮ್ಮಂಥ ಕಾರಕೂನರು ತಿಂಗಳ ಊಟದವರು. ನಮ್ಮಿಂದ ಬರುವುದು ಒಲೆ ಉರಿಯಲಿಕ್ಕೆ ಸಾಕಾಗುತ್ತಿತ್ತು. ಲಾಭವೆಲ್ಲ ಬಿಡಿ ಊಟದವರಿಂದ, ಎಂದರೆ ಸುಗ್ಗಿಯ ಕಾಲಕ್ಕೆ ಬೆಲ್ಲ, ಶೇಂಗಾ, ಅರಳೆ ಹಿಡಿದು ಭವಾನಿ ಪೇಟೆಗೆ ಬಂದಿಳಿಯುವ ನಮ್ಮ ಕಡೆಯ ವ್ಯಾಪಾರಿಗಳಿಂದ. ಅವರು ಯಾವಾಗ ಬರುತ್ತಾರೆ, ಎಷ್ಟು ಮಂದಿ ಬರುತ್ತಾರೆ ಎಂದು ಮೊದಲೇ ತಿಳಿದರೆ ಕಾಕು ಬೇಳೆ, ಬೆಲ್ಲ ಅಗ್ಗದಲ್ಲಿ ಹಾಕಿಸಿಕೊಳ್ಳಬಹುದಿತ್ತು. ತಿಳಿಯುವುದು ಹೇಗೆ?

ದಾರಿ ತೋರಿಸಿದವರು ನನ್ನ ಪಕ್ಕದಲ್ಲಿ ಕೂರುತ್ತಿದ್ದ ಒಬ್ಬ ಗುಮಾಸ್ತರು. ಭವಾನಿ ಪೇಟೆಯ ಬೆಲ್ಲದ ದಲಾಲಿ ಅಡತಿಯಲ್ಲಿ ಕೆಲಸ, ಮೈಯೆಲ್ಲ ಬೆಲ್ಲದ ವಾಸನೆ, ನೊಣಗಳು ಅವರ ಹಿಂದೆಯೇ ಊಟಕ್ಕೆ ಬರುತ್ತಿದ್ದವು. ಅವರ ತರ್ಕ ಹೀಗೆ. ದಸರೆ ದಾಟಿ ಸುಗ್ಗಿ ಹತ್ತಿರ ಬಂತೆಂದರೆ ವ್ಯಾಪಾರಿಗಳು ಮಾಲು ಹಿಡಿಯಲು ಬ್ಯಾಂಕುಗಳಿಂದ ರೊಕ್ಕ ಎತ್ತುತ್ತಾರೆ. ಪಟ್ಟಣದ ರೊಕ್ಕ ಹಳ್ಳಿಗೆ ಹೋಗುತ್ತದೆ. ಬ್ಯಾಂಕಿನಲ್ಲಿ ರೊಕ್ಕ ಬಿಗಿಯಾಗುತ್ತದೆ. ಆಗ ಸರಕಾರ ಸಾಲ ಕೇಳಿದರೆ ಬ್ಯಾಂಕಿನವರು ಮೂಗು ಮುರಿದು ಹೆಚ್ಚು ಬಡ್ಡಿ ಹೇಳುತ್ತಾರೆ. ಮಳೆಗಾಲದಲ್ಲಿ ವ್ಯಾಪಾರ ತಣ್ಣಗೆ, ರೊಕ್ಕ ಬ್ಯಾಂಕಿಗೆ ಮರಳಿ ಬಂದು ಸುಮ್ಮನೆ ಬಿದ್ದಿರುತ್ತದೆ, ಆಗ ಅದೇ ಬ್ಯಾಂಕಿನವರು ಕಡಿಮೆ ಬಡ್ಡಿಗೆ ತಾವಾಗಿ ಮುಂದೆ ಬರುತ್ತಾರೆ. ಹಾಗಾಗಿ ಹುಂಡಿಯ ದರ ಏರತೊಡಗಿದರೆ, ಸ್ವಲ್ಪ ದಿನದಲ್ಲಿ ಬಿಡಿ ಊಟದವರು ಬಂದೇ ಬರುತ್ತಾರೆ.

"ತಮ್ಮಾ, ಈ ವಾರ ಏನಾತು ಸರಕಾರದ ಬಡ್ಡಿ?" ಎಂದು ಕಾಕು ಕೈಯಲ್ಲಿ ಸಾರಿನ ಸೌಟು ಹಿಡಿದೇ ಕೇಳುವರು.

"ಏರೇದ್ರಿ ಕಾಕು. ಹ್ವಾದ ವಾರಕ್ಕಿಂತ ನೂರಕ್ಕ ಎರಡಾಣೆ."

"ಹಂಗಾರ ಕಡ್ಲಿಬ್ಯಾಳಿ ತರಸ್ತೀನಿ. ಸೋಮವಾರ ಹೋಳಿಗಿ."

ಪಂಕ್ತಿಯಲ್ಲಿ ಜಯಕಾರ ಏಳುತ್ತಿತ್ತು. ಇಳಿಯಿತೆಂದರೆ ವಾರವಿಡೀ ಬರೀ ಕಡಲೆಹಿಟ್ಟಿನ ಝುಣಕ. ಹಬ್ಬದ ಅಡುಗೆಗೆ ಮಾತ್ರ ಕಾಕು ದರ ಕೇಳುತ್ತಿರಲಿಲ್ಲ, ನಾಗರ ಪಂಚಮಿಯ ಉಂಡಿಗೂ ಸರಕಾರಕ್ಕೂ ಸಂಬಂಧವಿಲ್ಲ ಎನ್ನುತ್ತಿದ್ದರು. ನಾನು ಬ್ಯಾಂಕಿನಿಂದ ಹೊರಬಿದ್ದರೆ ವಾಡೆಯ ಬಾಗಿಲಲ್ಲೇ ಯಾರಾದರೂ ತಡೆದು ಕಿವಿಗೆ ಬಾಯಿ ಹಚ್ಚಿ ದರ ಕೇಳುವರು. ಇಳಿದ ವಾರ ನನ್ನನ್ನೇ ಗುರಾಯಿಸುವರು, ನಾನೇ ವೈಸರಾಯರ ಕಿವಿಯಲ್ಲಿ ಹೇಳಿ ಇಳಿಸಿದೆನೋ ಎಂಬಂತೆ! ಆದರೂ ಆ ಲೆಕ್ಕ ತಪ್ಪುತ್ತಿರಲಿಲ್ಲ. ದರ ಏರಿದ ಮೇಲೆ ಹಡಪಸರದ ರಸ್ತೆಯಲ್ಲಿ ಗಾಡಿಗಳು ತುಂಬುತ್ತಿದ್ದವು, ಸ್ವಾರಗೇಟಿನ ಕಡೆಯಿಂದ ನಮ್ಮ ಮಂದಿ ಗಂಟುಮೂಟೆ ಹೊತ್ತು ಬರುತ್ತಿದ್ದರು, ಕಾಕುವಿನ ಒಲೆಗೆ ಬಿಡುವಿರುತ್ತಿರಲಿಲ್ಲ. ಒಂದೆರಡು ವರ್ಷ ಹೀಗೆ ನಡೆದ ಮೇಲೆ ನಮಗೆಲ್ಲ ಪಂಚಾಂಗಕ್ಕಿಂತ ಖಜಾನೆ ಹುಂಡಿಯ ಮೇಲೆ ನಂಬಿಕೆ ಹೆಚ್ಚಾಯಿತು.

ಆ ಹೊತ್ತಿಗೆ ನನಗೆ ಮದುವೆಯಾಗಿ, ಹತ್ತಿರದಲ್ಲೇ ಎರಡು ಕೋಣೆ ಹಿಡಿದು ಸಂಸಾರ ಹೂಡಿದ್ದೆ. ಊಟ ಮನೆಯಲ್ಲಿ. ಆದರೂ ವಾರಕ್ಕೊಮ್ಮೆ ದರ ಹೇಳಲು ಕಾಕುವಿನಲ್ಲಿಗೆ ಹೋಗುವುದು ಬಿಡಲಿಲ್ಲ, ಏರಿದ ವಾರ ಒಂದು ಹೋಳಿಗೆ ಅಲ್ಲೇ ತಿಂದು ಬರುವುದೂ ಬಿಡಲಿಲ್ಲ. ಮೀಸೆಗೆ ಹತ್ತಿದ ತುಪ್ಪ ನೋಡಿ ಹೆಂಡತಿ ಕೇಳುತ್ತಿದ್ದಳು: "ಸರಕಾರ ಸಾಲ ಮಾಡಿದ್ರ ನೀವ್ಯಾಕ್ರಿ ಹೋಳಿಗಿ ತಿಂತೀರಿ?" ನಾನು ಗಂಭೀರವಾಗಿ ಅರ್ಥಶಾಸ್ತ್ರ ಬಿಡಿಸಿ ಹೇಳಲು ಹೊರಟರೆ ಅವಳು ಅರ್ಧಕ್ಕೇ ಎದ್ದು ಒಲೆ ಊದಲು ಹೋಗುತ್ತಿದ್ದಳು.

ಕಾಕುವಿಗೆ ಒಂದು ಆಸೆಯಿತ್ತು. ವಾಡೆಯ ಮುಂಭಾಗದಲ್ಲಿ ಒಂದು ಪಡಸಾಲೆ ಖಾಲಿಯಿತ್ತು. ಅದನ್ನು ಹಿಡಿದು ಹೆಂಗಸರಿಗೊಂದು ಪಂಕ್ತಿ ಮಾಡಬೇಕು. ಹಿಂದೊಮ್ಮೆ ಗಂಡನನ್ನು ದೊಡ್ಡ ಆಸ್ಪತ್ರೆಗೆ ಕರೆತಂದಾಗ ಪುಣೆಯಲ್ಲಿ ಆಕೆಗೆ ಕುಳಿತು ಉಣ್ಣುವ ಜಾಗವೇ ಸಿಕ್ಕಿರಲಿಲ್ಲವಂತೆ. ಖಾನಾವಳಿಗಳಲ್ಲಿ ಗಂಡಸರು ಮಾತ್ರ ಕೂರುತ್ತಿದ್ದರು. ಗಂಡನಿಗೆ ಡಬ್ಬಿ ಒಯ್ದು ಕೊಟ್ಟು ತಾನು ಗೋಡೆಯ ಮರೆಗೆ ನಿಂತು ಚುರುಮರಿ ತಿಂದದ್ದನ್ನು ಅವರು ಎಷ್ಟೋ ಸಲ ಹೇಳಿದ್ದರು, ಪ್ರತಿ ಸಲವೂ ಹೊಸದಾಗಿ ಸಿಟ್ಟು ಮಾಡಿಕೊಂಡೇ ಹೇಳುತ್ತಿದ್ದರು. ಆದರೆ ಪಡಸಾಲೆಯ ಬಾಡಿಗೆ ಭಾರಿ. ಒಳ್ಳೆಯ ವರ್ಷವೊಂದು ಬರಲಿ ಎಂದು ಕಾಯುತ್ತಿದ್ದರು.

ಇಪ್ಪತ್ತರ ದಶಕ ಮುಗಿದು ಮೂವತ್ತು ಕಾಲಿಡುತ್ತಿದ್ದ ಹೊತ್ತು. ಆ ವರ್ಷ ಮಳೆಗಾಲ ಬಂದರೂ ಹುಂಡಿಯ ದರ ಇಳಿಯಲಿಲ್ಲ. ಇಳಿಯುವುದಿರಲಿ, ಶ್ರಾವಣದಲ್ಲೂ ಏರತೊಡಗಿತು. ನಾವು ಕಂಡು ಕೇಳದ ಸಂಗತಿ. ಪಂಕ್ತಿಯಲ್ಲಿ ಸಭೆಯೇ ನಡೆಯಿತು.

"ಮಳಿಗಾಲದಾಗೇ ರೊಕ್ಕ ಇಷ್ಟು ಬಿಗಿ ಅದ ಅಂದ್ರ," ಗುಮಾಸ್ತರು ಬೆರಳು ನೆಕ್ಕುತ್ತ ಹೇಳಿದರು, "ಸುಗ್ಗಿಗೆ ಏನಾದೀತು ನೋಡ್ರಿ! ಊರಿಗೂರೇ ಎದ್ದು ಬರ್ತದ."

"ಖರೇ ಏನ, ತಮ್ಮಾ?" ಕಾಕು ನನ್ನನ್ನು ಕೇಳಿದರು.

ತಾರಿನಲ್ಲಿ ಬಂದದ್ದು ಸುಳ್ಳಲ್ಲವಲ್ಲ. ನಾನೂ ಗೋಣು ಹಾಕಿದೆ. ದಸರೆಯ ದಿನ ಕಾಕು ಪೆಟ್ಟಿಗೆಯಲ್ಲಿಟ್ಟಿದ್ದ ಬಂಗಾರದ ಪಾಟ್ಲಿ ಬಳೆ ಮಾರಿ ಪಡಸಾಲೆ ಹಿಡಿದರು. ವಾಡೆಯ ಮಾಲೀಕರು ಮರಾಠಿಯಲ್ಲಿ ಖಡಾಖಂಡಿತ ಹೇಳಿದರು, "ಅರ್ಧಂ ಆತ್ತಾ, ಅರ್ಧಂ ಪಾಡವ್ಯಾಲಾ." ಅರ್ಧ ಬಾಡಿಗೆ ಈಗ, ಉಳಿದರ್ಧ ಯುಗಾದಿ ಪಾಡ್ಯಕ್ಕೆ. ಅಂದು ಕೊಡದಿದ್ದರೆ ಪಡಸಾಲೆ ಅವರ ಭಾವಮೈದುನನ ಪೀಪಾಯಿ ಇಡುವ ಉಗ್ರಾಣಕ್ಕೆ.

ಈಗ ನಗು ಬರುತ್ತದೆ. ಗುಮಾಸ್ತರು ತಮ್ಮ ಅಡತಿಯಲ್ಲೇ ದಿನವಿಡೀ ನೊಣ ಹೊಡೆಯುತ್ತ ಕೂತಿದ್ದರು, ಬೆಲ್ಲದ ಧಾರಣೆ ದಿನದಿನಕ್ಕೆ ಕುಸಿಯುತ್ತಿತ್ತು. ಅದು ಅವರ ಕಣ್ಣ ಮುಂದೆಯೇ ಇತ್ತು. ಆದರೆ ಹುಂಡಿಯ ದರ ಏರಿದೆ ಎಂದ ಮೇಲೆ ವ್ಯಾಪಾರ ಜೋರಿರಲೇಬೇಕು. ಕಣ್ಣು ತಪ್ಪಬಹುದು, ತಾರು ತಪ್ಪೀತೆ? ನಿಜ ಸಂಗತಿ ಬೇರೆಯೇ ಇತ್ತು. ವ್ಯಾಪಾರಿಗಳಿಗೆ ರೊಕ್ಕ ಬೇಕಾಗಿ ದರ ಏರಿರಲಿಲ್ಲ. ಸರಕಾರದ ಕೈಯೇ ಬಿಗಿಯಾಗಿತ್ತು. ವಿಲಾಯತಿಯ ಪೌಂಡಿನ ಲೆಕ್ಕದಲ್ಲಿ ರೂಪಾಯಿಯ ಬೆಲೆ ಬೀಳಬಾರದೆಂಬ ಹಟಕ್ಕೆ ಅದು ಪೇಟೆಯ ರೊಕ್ಕವನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತಿತ್ತು, ಎಷ್ಟು ಬಡ್ಡಿಯಾದರೂ ತೆರುತ್ತಿತ್ತು. ಹೊಲದಲ್ಲಿ ದುಡಿದು ಬಂದವನ ಮೈಯೂ ಬಿಸಿ, ಜ್ವರ ಬಂದವನ ಮೈಯೂ ಬಿಸಿ. ಬರೀ ಮೈ ಮುಟ್ಟಿ ನೋಡಿ ನಾವು ಜ್ವರದವನಿಗೆ ಶಾಭಾಸ್ ಎಂದು ಬೆನ್ನು ತಟ್ಟಿದ್ದೆವು. ಬ್ಯಾಂಕಿನಲ್ಲಿದ್ದ ದೊಡ್ಡ ಪದವಿಯವರಿಗೂ ಇದು ಆಮೇಲೆಯೇ ಹೊಳೆದದ್ದು, ಅದನ್ನು ಮಾತ್ರ ನಾನು ಸಮಾಧಾನಕ್ಕೆ ಇಟ್ಟುಕೊಂಡಿದ್ದೇನೆ.

ಹೀಗೆ, ಪೇಟೆ ಮುಳುಗುತ್ತಿದ್ದ ವರ್ಷ ಕಾಕುವಿನ ಪಂಕ್ತಿಯಲ್ಲಿ ವಾರ ವಾರ ಹೋಳಿಗೆ! ಆ ವರ್ಷ ತಿಂದಷ್ಟು ಹೋಳಿಗೆಯನ್ನು ನಾನು ಮತ್ತೆಂದೂ ತಿಂದಿಲ್ಲ. ದೀಪಾವಳಿ ಕಳೆದು ವ್ಯಾಪಾರಿಗಳು ಬಂದರು, ಇಲ್ಲವೆನ್ನುವಂತಿಲ್ಲ. ಆದರೆ ಬಂದವರು ಖಾನಾವಳಿಯ ಕಟ್ಟೆಯ ಮೇಲೆ ಕುಳಿತು ಊರಿಂದ ತಂದ ಬುತ್ತಿ ಬಿಚ್ಚಿದರು. ಕಾಕುವಿನಿಂದ ಕುಡಿಯಲು ನೀರು ಕೇಳಿದರು, ನಂಜಿಕೊಳ್ಳಲು ಚೂರು ಚಟ್ನಿ ಕೇಳಿದರು. ಕಾಕು ಎರಡನ್ನೂ ಕೊಟ್ಟರು.

ಮುಂಭಾಗದ ಪಡಸಾಲೆ ಸಾರಿಸಿ ರಂಗೋಲಿ ಹಾಕಿಸಿಕೊಂಡು ಖಾಲಿ ಬಿದ್ದಿತ್ತು. ಒಬ್ಬ ಹೆಣ್ಣುಮಗಳೂ ಬರಲಿಲ್ಲ. ಆಸ್ಪತ್ರೆಗೆ ಬಂದ ನಮ್ಮ ಕಡೆಯ ಹೆಂಗಸರು ಬಾಗಿಲವರೆಗೆ ಬಂದು, ಒಳಗೆ ಇಣುಕಿ, ಸೆರಗು ಎಳೆದುಕೊಂಡು ಹಿಂದಿರುಗುತ್ತಿದ್ದರು. ನಾಲ್ಕು ಜನರ ಕಣ್ಣೆದುರು ಹೆಂಗಸು ಕುಳಿತು ಉಣ್ಣುವುದೆಂದರೆ ಆಗಿನ್ನೂ ನಾಚಿಕೆಯ ಮಾತು.

ಅಷ್ಟರಲ್ಲಿ ನನ್ನ ಪಗಾರಕ್ಕೂ ಕತ್ತರಿ ಬಿತ್ತು. ಎಲ್ಲರೂ ಮಾಡಿದ್ದನ್ನೇ ನಾನೂ ಮಾಡಲು ಹೊರಟೆ: ಹೆಂಡತಿಯನ್ನು ಊರಿಗೆ ಕಳಿಸುವುದು, ಎರಡು ಕೋಣೆ ಬಿಟ್ಟು ಯಾರ ಜೊತೆಯಾದರೂ ಇರುವುದು, ಮತ್ತೆ ಕಾಕುವಿನ ಪಂಕ್ತಿ. ಹೆಂಡತಿಗೆ ಹೇಳಿದೆ. "ಕಳಸ್ರಿ. ನಾ ಏನರ ಅಂದೇನೇನು?" ಎಂದಳು. ಅಂದು ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಒಟ್ಟಿಗೆ ಒಗೆದಳು. ಸಿಟ್ಟು ಬಂದರೆ ಕೌದಿ ಒಗೆಯುವುದು ಅವಳ ಪದ್ಧತಿ. ಅವಳಿಗೆ ಪುಣೆ ಹಿಡಿಸಿತ್ತು. ನನಗೂ ಅವಳನ್ನು ಕಳಿಸುವ ಮನಸ್ಸಿರಲಿಲ್ಲ, ಆದರೆ ಮನಸ್ಸನ್ನು ಕೇಳಿ ಪಗಾರ ಕೊಡುವವರು ಯಾರು?

ಪಂಕ್ತಿಯಲ್ಲಿ ಜಾಗ ಕೇಳಲು ಕಾಕುವಿನಲ್ಲಿಗೆ ಹೋದರೆ ಗುಮಾಸ್ತರು ಆಗಲೇ ಬಂದು ಕೂತಿದ್ದರು. ಯುಗಾದಿ ಹತ್ತಿರ ಬಂದಿತ್ತು. ಅವರು ತಂದದ್ದು ಕಾಕುವಿನ ಪಾಲಿಗೆ ಒಳ್ಳೆಯ ಸುದ್ದಿಯೇ. ಭವಾನಿ ಪೇಟೆಯಲ್ಲಿ ನನ್ನಂಥವರು ಬಹಳ ಮಂದಿ ಹೆಂಡಿರನ್ನು ಊರಿಗೆ ಕಳಿಸಿ ಊಟಕ್ಕೆ ಜಾಗ ಹುಡುಕುತ್ತಿದ್ದರು. ಆ ಪಡಸಾಲೆಯಲ್ಲಿ ಗಂಡಸರ ಪಂಕ್ತಿ ಹಾಕಿದರೆ ಮಾಲೀಕರ ಬಾಕಿ ಸಲೀಸಾಗಿ ತೀರುತ್ತಿತ್ತು.

"ಹಟ ಮಾಡಬ್ಯಾಡ್ರಿ ಕಾಕು," ಗುಮಾಸ್ತರು ಹೇಳುತ್ತಿದ್ದರು. "ಹೆಂಗಸ್ರು ಬರೂದಿಲ್ಲ. ಗಂಡಸ್ರು ಬಾಗಲದಾಗ ನಿಂತಾರ. ಅವ್ರನ್ನ ಕುಂದರಸ್ರಿ, ಇಲ್ಲಂದ್ರ ಪಾಡ್ಯಾಕ್ಕ ಪಡಸಾಲಿ ಹೋಗ್ತದ."

ಕಾಕು ಮೊರದಲ್ಲಿದ್ದ ಬೇಳೆಯ ಕಲ್ಲು ಆರಿಸತೊಡಗಿದರು. ನನಗೆ ಕೆಟ್ಟೆನಿಸಿತು.

"ಹೆಂಡ್ರನ್ನ ಊರಿಗೆ ಯಾಕ ಕಳಿಸ್ಯಾರ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು.

"ಇಲ್ಲಿ ಖರ್ಚ ನೀಗೂದಿಲ್ರಿ."

"ಅಲ್ಲಿ ಹೋಗಿ ಅವ್ರು ಗಾಳಿ ತಿಂತಾರೇನು? ಅಲ್ಲೂ ಉಣ್ಣಬೇಕಲ್ಲ." ಕಾಕುವಿನ ದನಿ ಮೊದಲಿನ ಎತ್ತರಕ್ಕೆ ಬಂತು. "ಕಳಸಬ್ಯಾಡ್ರಿ ಅಂತ ಹೇಳ್ರಿ. ಅಡಗಿ ಖೋಲಿ ಬಿಡ್ರಿ, ಒಂದ ಖೋಲಿ ಇಟಗೊಳ್ರಿ. ಒಲಿ ಬ್ಯಾಡ, ಇದ್ದಲಿ ಬ್ಯಾಡ. ಗಂಡ ಹೆಂಡ್ತಿ ಇಬ್ರೂ ನನ್ನ ಕಡೆ ಉಣ್ರಿ. ಹೆಣ್ಮಕ್ಕಳಿಗೆ ಮುಕ್ಕಾಲ ದರ."

"ಸಂಸಾರಸ್ಥ ಹೆಣ್ಮಕ್ಕಳು ಖಾನಾವಳ್ಯಾಗ ಉಂಡ್ರ ಮಂದಿ ಏನಂದಾರು ಕಾಕು?"

"ಮಂದಿ ನನ್ನ ಬಾಡಗಿ ಕೊಡ್ತಾರೇನು ಕೇಳ್ಕೊಂಡ ಬರ್ರಿ. ಕೊಡೂದಿದ್ರ ಅವ್ರ ಮಾತು ಕೇಳ್ತೀನಿ." ಆಮೇಲೆ ನನ್ನ ಕಡೆ ತಿರುಗಿ, "ಏನ ತಮ್ಮಾ, ನಿನ್ನಾಕಿ ಬರ್ತಾಳೋ ಇಲ್ಲೋ?" ಎಂದರು.

ನಾನು ಮನೆಗೆ ಹೋಗಿ ಬಿಡಿಸಿ ಹೇಳಿದೆ. ಅಡುಗೆ ಕೋಣೆ ಬಿಟ್ಟರೆ ಎಷ್ಟು ಉಳಿಯುತ್ತದೆ, ಕಾಕುವಿಗೆ ಎಷ್ಟು ಕೊಡಬೇಕು, ಊರಿಗೆ ಕಳಿಸುವುದಕ್ಕೂ ಇದಕ್ಕೂ ಎಷ್ಟು ಸಣ್ಣ ಅಂತರ, ಎಲ್ಲ. ಅರ್ಥಶಾಸ್ತ್ರಕ್ಕೆ ಎದ್ದು ಹೋಗುತ್ತಿದ್ದವಳು ಅಂದು ಕೊನೆತನಕ ಕೇಳಿದಳು.

"ಬಡಸಾವ್ರು ಯಾರ್ರಿ?"

"ಕಾಕು."

"ಪಾತ್ರಿ?"

"ತೊಳ್ಯಾಕ ಅವ್ರ ಕಡೆ ಮಂದಿ ಅದಾರ."

ಅವಳು ಒಣಗಿದ ಕೌದಿಗಳನ್ನು ಮಡಿಸಿಟ್ಟಳು. "ಮತ್ತ ನಾಳಿಂದನ ಹೋಗೂಣಲ್ಲ?" ಎಂದಳು.

ಗುಮಾಸ್ತರು ಬಾಯಲ್ಲಿ ಬೇಡವೆಂದರೂ ಯುಗಾದಿಗೆಂದು ಊರಿಂದ ಬಂದಿದ್ದ ತಮ್ಮ ಹೆಂಡತಿಯನ್ನು ಕರೆತಂದರು. ಆಕೆಯೇ ಹೊರಟು ನಿಂತಳಂತೆ. ಅಡತಿಯಲ್ಲಿ ಕೆಲಸ ಮಾಡುವ ಇನ್ನೂ ಒಂದೆರಡು ಮನೆಯವರು ಬಂದರು. ಎಲ್ಲರ ಮುಂಗಡ ಸೇರಿ ಪಾಡ್ಯದ ಬಾಕಿಗೆ ಹೊಂದಿತು. ಕಾಕು ಒಂದು ಕಾನೂನು ಮಾಡಿದರು: ರೊಟ್ಟಿ ಸುಡುವ ಒಲೆ ಒಂದೇ, ಆದ್ದರಿಂದ ಹೆಂಗಸರ ಪಂಕ್ತಿ ಮೊದಲು, ಗಂಡಸರದು ಆಮೇಲೆ. ಗಂಡಸರೆಲ್ಲ ಅಂಗಳದಲ್ಲಿ ಕೈಕಾಲು ತೊಳೆದುಕೊಂಡು ನಿಂತೆವು. ಎಣ್ಣೆಗಾಯಿಯ ವಾಸನೆ ಹೊರಗೆ ಬರುತ್ತಿತ್ತು. ಊಟಕ್ಕೆ ಕಾಯುವುದು ನಮಗೆ ಹೊಸದು. ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನೆ ಹಲ್ಲು ಕಿಸಿದೆವು.

ನಾನು ನಿಂತಲ್ಲಿಂದ ಪಡಸಾಲೆಯ ಬಾಗಿಲು ಓರೆಯಾಗಿ ಕಾಣುತ್ತಿತ್ತು. ಹೆಂಡತಿಯ ಎಲೆಗೆ ಕಾಕು ಹಂಚಿನಿಂದ ಇಳಿಸಿದ ಜೋಳದ ರೊಟ್ಟಿ ಹಾಕಿದರು. ಅದು ಇನ್ನೂ ಉಬ್ಬಿಕೊಂಡಿತ್ತು. ಅವಳು ಮುಟ್ಟಲಿಲ್ಲ, ಕೈ ತೊಡೆಯ ಮೇಲಿಟ್ಟುಕೊಂಡು ಕುಳಿತಳು.

"ಯಾಕವ್ವಾ, ಉಣ್ಣವಲ್ಲಿ?"

"ಎಲ್ಲಾರ್ದೂ ಆಗಲಿ ಬಿಡ್ರಿ ಕಾಕು."

"ಇನ್ನ ಯಾರದು ಆಗಬೇಕು? ಉಣ್ಣು, ಆರ್ತದ."

ಅವಳು ರೊಟ್ಟಿ ಮುರಿದಳು. ಒಳಗಿನ ಹಬೆ ಬೆರಳಿಗೆ ತಾಗಿ ಕೈ ಹಿಂದೆ ತೆಗೆದಳು, ಊದಿದಳು, ತುಣುಕು ಬಾಯಿಗಿಟ್ಟುಕೊಂಡಳು. ಆಮೇಲೆ ತಲೆ ಎತ್ತಿ, ಮಗುವಿನಂತೆ ಬೆರಗಾಗಿ ಹೇಳಿದಳು, ನನಗೆ ಅಂಗಳದವರೆಗೂ ಕೇಳಿಸಿತು:

"ಕಾಕು, ಬಿಸಿ ರೊಟ್ಟಿ ಹಿಂಗ ಇರ್ತದೇನ್ರಿ? ತಿಳಿವಳಿಕಿ ಬಂದಾಗಿಂದ ಬರೇ ಮಾಡಿ ಹಾಕೀನಿ. ನಾ ಕುಂತು ಉಣ್ಣೂದ್ರಾಗ ಆರೇ ಹೋಗಿರ್ತದ."

ಗುಮಾಸ್ತರು ನೆಲ ನೋಡುತ್ತಿದ್ದರು. ಮದುವೆಯಾದಂದಿನಿಂದ ಅವಳ ಕೈಯ ಉಬ್ಬಿದ ರೊಟ್ಟಿ ತಿಂದು, ಇನ್ನೊಂದು ತಾ ಎಂದು ಕೂಗಿದವನು ನಾನು. ನಾಚಿಕೆಯಾಯಿತು, ಜೊತೆಗೇ ಏನೋ ಹಿಗ್ಗೂ ಆಯಿತು. ಕಾಕು ಒಳಗೆ ಹೋಗಿ ಮತ್ತೊಂದು ರೊಟ್ಟಿ ತಂದು ಅವಳ ಎಲೆಗೆ ಹಾಕಿದರು. ಅದಾದ ಮೇಲೆ ಇನ್ನೊಂದು. ಅವಳು ಒಮ್ಮೆಯೂ ಸಾಕು ಎನ್ನಲಿಲ್ಲ. ಹೊಟ್ಟೆ ಚುರುಗುಟ್ಟುತ್ತಿದ್ದರೂ ನಾನು ಅಂಗಳದಲ್ಲಿ ನಿಂತು, ಇನ್ನೂ ಉಣ್ಣಲಿ, ಇನ್ನೂ ಉಣ್ಣಲಿ ಎಂದುಕೊಳ್ಳುತ್ತಿದ್ದೆ.